ನಾಲ್ಕನೇ ಘಟಕ: ಊಟ-ತಿಂಡಿ

ಸಲಾತಿಗದಲ್ಲಿ ಹನ್ನೊಂದು, ಹ್ವಾಲಿಯೆನ್‌ನಲ್ಲಿ ಹನ್ನೆರಡು.
ನಡುವೆ ಒಂದು ಸಮುದ್ರ, ಒಂದು ಗಂಟೆ,
ಪಕ್ಕದ ಮನೆಯಿಂದ ಕಡ ತಂದ ವೈಫೈ.
ಪರದೆ ಹಂಚಿಕೊಂಡೆ: ತಟ್ಟೆ, ಚಮಚ, ಅನ್ನ.
ಒತ್ತಿದರೆ ಅನ್ನ ಮಾತಾಡುತ್ತದೆ, ‘ನಾಸಿ’ ಅನ್ನುತ್ತದೆ
ನನ್ನದೇ ದನಿಯಲ್ಲಿ,
ಸ್ಟುಡಿಯೋದಲ್ಲಿ ತೊಳೆದು ಒಣಗಿಸಿಟ್ಟ ದನಿಯಲ್ಲಿ.

ಶ್ಯೂಲ್ವಾನ್‌ಗೆ ಐವತ್ತೆಂಟು. ಮೀನುಬಲೆ ಮಾರುವ ಅಂಗಡಿ.
ಮೊದಲ ದಿನ ಎಲ್ಲರನ್ನೂ ಕೇಳುವುದನ್ನೇ ಕೇಳಿದ್ದೆ:
ಇಂಡೊನೇಷಿಯನ್ ಯಾಕೆ?
ಬಾಲಿಯ ಕಡಲು ಅಂದವರುಂಟು, ಗಂಡ ಅಂದವರುಂಟು,
ಗಣಿ ಕಂಪನಿಯ ಭತ್ಯೆ ಅಂದವರೂ ಉಂಟು.
ಇವಳು ಆ್ಯಪಿಗೆ ಹೇಳಿದಳು, ಆ್ಯಪು ನನಗೆ ಹೇಳಿತು:
‘ಅಮ್ಮನ ಜೊತೆ ಮಾತಾಡಲಿಕ್ಕೆ.’
ಅನುವಾದ ತಪ್ಪಿತೆಂದು ಇನ್ನೊಮ್ಮೆ ಉಣಿಸಿದೆವು.
ಮತ್ತೆ ಅದೇ ಅಮ್ಮ.

ಅಮ್ಮನಿಗೆ ಎಂಬತ್ತಾರು. ಮರೆವು.
ಹಳೆಯದು ಉಳಿಯಬೇಕು, ಹೊಸದು ಮೊದಲು ಹೋಗಬೇಕು,
ಹಾಗೆ ಅದರ ಕ್ರಮ, ಅಂದರಂತೆ ಡಾಕ್ಟರು.
ಅಮ್ಮ ಯಾವತ್ತೂ ಡಾಕ್ಟರ ಮಾತು ಕೇಳಿದವಳಲ್ಲ.
ಹನ್ನೊಂದು ವರ್ಷ ಮೈ ಒರೆಸಿ, ಗಂಜಿ ಕುಡಿಸಿ, ತಲೆ ಬಾಚಿದ
ಜಾವಾದ ಕರ್ಸಿತಿ, ಕರಾರು ಮುಗಿದು ಊರಿಗೆ ಹೋದಳು.
ಪೆಟ್ಟಿಗೆ ಒಯ್ದಳು, ಪಾಸ್‌ಪೋರ್ಟ್ ಒಯ್ದಳು,
ಮಾತನ್ನು ಮಾತ್ರ ಮುದುಕಿಯ ಬಾಯಲ್ಲೇ ಬಿಟ್ಟು.
ಈಗ ಮಗಳು ಮನೆಮಾತಲ್ಲಿ ಕರೆದರೆ
ತಾಯಿ ಗೋಡೆ ನೋಡುತ್ತಾಳೆ.

ಹೀಗಾಗಿ ಮೂರು ಘಟಕ ಮುಗಿಸಿದ್ದೇವೆ.
ನಮ್ಮ ಕ್ರಿಯಾಪದಕ್ಕೆ ನಿನ್ನೆ ನಾಳೆ ಇಲ್ಲ, ಶ್ಯೂಲ್ವಾನ್,
‘ಸುದಾ’ ಅಂದರೆ ಆಯಿತು, ‘ಬೆಲುಮ್’ ಅಂದರೆ ಇನ್ನೂ ಇಲ್ಲ,
ಈ ಎರಡು ಊರುಗೋಲು ಸಾಕು, ಎಷ್ಟು ದೂರ ಬೇಕಾದರೂ ನಡೆ.
ಅವಳು ಬರೆದು ಫ್ರಿಜ್ಜಿಗೆ ಅಂಟಿಸಿದ್ದಾಳೆ.

ಇವತ್ತು ಅವಳೇ ಕೇಳಿದಳು:
‘ಗುರುಗಳೇ, ಕೆಂಚೊತ್ ಅಂದರೇನು?
ಅಮ್ಮ ದಿನಕ್ಕೆ ನಾಲ್ಕು ಸಲ ಅನ್ನುತ್ತಾಳೆ. ನಿಘಂಟಿನಲ್ಲಿ ಇಲ್ಲ.’
ಪರದೆಯ ಬುಡದಲ್ಲಿ ಓಡುವ ಅಕ್ಷರಗಳು
ಆ ಜಾಗದಲ್ಲಿ ಬರೆದುವು: ಅಸ್ಪಷ್ಟ.

ನಾನು ಮೈಕು ಮುಚ್ಚಿದೆ.

ಯೋಗ್ಯಕಾರ್ತದ ಹಾಸ್ಟೆಲು, ಮೊದಲ ವಾರ, ಊಟದ ಸಾಲು.
ಆ ಒಂದು ಶಬ್ದ ಬಾಯಿಂದ ಜಾರಿತ್ತು, ಅಷ್ಟೇ.
ಸಾಲು ಇಡೀ ನಕ್ಕಿತು, ಬಡಿಸುವವನೂ ನಕ್ಕ.
ಟೀವಿಯ ನಗೆನಾಟಕದಲ್ಲಿ ಕೆಲಸದವಳಿಗೆ ಮೀಸಲಾದ ಮಾತು ಅದು.
ಮೂರು ತಿಂಗಳು ಕನ್ನಡಿಯ ಮುಂದೆ ನಿಂತು
ಪದದ ಕೊನೆಯ ಕಕಾರವನ್ನು ಗಂಟಲಲ್ಲೇ ನುಂಗಲು ಕಲಿತೆ.
ಈಗ ಆ ನುಂಗಿದ ಗಂಟಲಿಗೇ ಸಂಬಳ.

ಪಠ್ಯದಲ್ಲಿ ಹಸಿವಿಗೆ ‘ಲಾಪಾರ್’. ಸರಿಯಾದ ಪದ,
ಇಸ್ತ್ರಿ ಹಾಕಿದ ಪದ.
ಕೆಂಚೊತ್ ಬೇರೆ. ಗದ್ದೆಯಿಂದ ಬಂದ ನನ್ನಪ್ಪ
ಕಾಲು ತೊಳೆಯುವ ಮೊದಲೇ ಹಿತ್ತಲಿಂದ ಕೂಗಿದ್ದು ಅದು.
ಒಲೆಗೆ ಕೇಳಿಸಬೇಕು, ಹಾಗೆ.

ಮೈಕು ತೆರೆದೆ. ‘ಅದು ಇಂಡೊನೇಷಿಯನ್ ಅಲ್ಲ,’ ಅಂದೆ.
ಅವಳ ಮುಖ ಇಳಿಯಿತು. ಕಟ್ಟಿದ ಶುಲ್ಕ ನೆನಪಾಯಿತೋ ಏನೋ.
‘ಅದು ಪುರ್ಬಲಿಂಗ್ಗದ್ದು. ನನ್ನ ಊರಿನದು.
ಫೋನು ಅಮ್ಮನ ಹತ್ತಿರ ಒಯ್ಯಿ.’

ಫೋನು ನಡೆಯಿತು. ಒಣಗಿದ ಬಟ್ಟೆ, ಮೆಟ್ಟಿಲು,
ದೇವರ ಮುಂದಿನ ಕಿತ್ತಳೆ, ಚಣಹೊತ್ತು ಬರಿ ಸೂರು,
ಆಮೇಲೆ ಅರ್ಧ ಮುಖ. ಒಂದು ಕಿವಿ.
ಇಪ್ಪತ್ತೆರಡು ವರ್ಷ ಆಡದ ಸದ್ದಿನಲ್ಲಿ ಕೂಗಿದೆ,
ನಮ್ಮ ಕಡೆ ಅಜ್ಜಿಯನ್ನು ಕೂಗುವ ಹಾಗೆ: ‘ನಿನಿ!’

ಕಿವಿ ತಿರುಗಿತು.
ಚಿತ್ರ ಎಂದಿನಂತೆ ಅಲ್ಲೇ ಮರಗಟ್ಟಿತು.
ಮುಖಕ್ಕಿಂತ ಮೊದಲು ದನಿ ದಾಟಿ ಬಂತು:
‘ವಿಸ್ ಮಡಾಂಗ್ ಉರುಂಗ್?’
ಉಂಡೆಯೇನೇ, ಇನ್ನೂ ಇಲ್ಲವೇನೇ?
ಕೆಳಗೆ ಯಂತ್ರ ಒಂದೊಂದಾಗಿ ಬರೆಯಿತು:
ಅಸ್ಪಷ್ಟ. ಅಸ್ಪಷ್ಟ. ಅಸ್ಪಷ್ಟ.

ಗಂಟೆ ಹನ್ನೆರಡಾಗುತ್ತಿತ್ತು. ಬೆಳಿಗ್ಗೆಯಿಂದ ಬರಿ ಚಹ.
‘ಉರುಂಗ್, ನಿನಿ,’ ಅಂದೆ. ‘ಕೆಂಚೊತ್.’

ಆ ಕಡೆ ಯಾರೋ
ಪಾತ್ರೆಯ ಮುಚ್ಚಳ ತೆಗೆದ ಸದ್ದು.